ಹಿಮ್ಮಡಿಯ ಕೆಳಗಿನ ಶಿಲುಬೆ

ಸ್ಪರ್ಶ ಸತ್ತ ಕಾಲಿಗೆ ಚಪ್ಪಲಿ ಮಾಡುವವನು ಮೊಳೆ ಮುಟ್ಟಬಾರದು. ನಮ್ಮ ಕಸುಬಿನ ಮೊದಲ ಪಾಠವೇ ಇದು. ಮಾಮೂಲಿ ಚಪ್ಪಲಿಯಲ್ಲಿ ಒಂದು ಮೊಳೆ ಮೇಲೆದ್ದರೆ ನೀವು ತಟ್ಟನೆ ಕಾಲು ಕೀಳುತ್ತೀರಿ. ಸಕ್ಕರೆ ಕಾಯಿಲೆಯಿಂದಲೋ ಕುಷ್ಠದಿಂದಲೋ ಪಾದದ ನರ ಸತ್ತವರಿಗೆ ಅದು ಗೊತ್ತೇ ಆಗುವುದಿಲ್ಲ. ಅದೇ ಮೊಳೆಯ ಮೇಲೆ ಸಂಜೆಯವರೆಗೂ ಓಡಾಡಿ, ಮನೆಗೆ ಬಂದು ಕಾಲು ತೊಳೆಯುವಾಗ ನೀರು ಕೆಂಪಗಾದದ್ದನ್ನು ಕಂಡು ಬೆರಗಾಗುತ್ತಾರೆ. ಹಾಗಾಗಿ ನಾವು ಎಲ್ಲವನ್ನೂ ಅಂಟಿನಿಂದಲೇ ಕೂಡಿಸುತ್ತೇವೆ. ಪಟ್ಟಿಯ ತುದಿಗಳನ್ನು ಎರಡು ಪದರಗಳ ನಡುವೆ ಅಡಗಿಸಿ, ಒತ್ತಿ, ಒಂದು ರಾತ್ರಿ ಭಾರ ಹೇರಿ ಬಿಡುತ್ತೇವೆ.

ಇದನ್ನು ಮೊದಲೇ ಹೇಳಿದ್ದಕ್ಕೆ ಕಾರಣವಿದೆ. ಮೊಳೆಗಿಂತ ಕೆಟ್ಟದ್ದೊಂದನ್ನು ನಮ್ಮವರೇ ಚಪ್ಪಲಿಗೆ ಹೊಡೆದರು. ನೆನೆದರೆ ಈಗಲೂ ನನ್ನ ಮೈ ಉರಿಯುತ್ತದೆ.

ನಾನು ಕೆಲಸ ಮಾಡುವುದು ಕೊಯಮತ್ತೂರಿನ ಅಂಚಿನ ಒಂದು ಚಿಕ್ಕ ಕ್ರೈಸ್ತ ಚಿಕಿತ್ಸಾಲಯದಲ್ಲಿ. ಹಿಂದೆ ಅದು ಕುಷ್ಠರೋಗಿಗಳಿಗೆಂದೇ ಇದ್ದದ್ದು, ಈಗ ಬರುವವರಲ್ಲಿ ಹೆಚ್ಚಿನವರು ಸಕ್ಕರೆ ಕಾಯಿಲೆಯವರು. ನನ್ನ ಊರು ಕೊಳ್ಳೇಗಾಲ. ಅಪ್ಪ ಅಲ್ಲಿ ಬಸ್ ನಿಲ್ದಾಣದ ಹೊರಗೆ ಕೂತು ಚಪ್ಪಲಿ ಹೊಲಿಯುತ್ತಿದ್ದರು. ಅವರ ಕೈಗೆ ಯಾರೂ ಚಪ್ಪಲಿ ಕೊಟ್ಟದ್ದನ್ನು ನಾನು ನೋಡಿಲ್ಲ, ಎಲ್ಲರೂ ಕಾಲಿನಿಂದಲೇ ಮುಂದಕ್ಕೆ ತಳ್ಳುತ್ತಿದ್ದರು. ನನಗೆ ಈ ಕೆಲಸ ಕಲಿಸಿದ ಹಿರಿಯರು ಮೊದಲ ದಿನವೇ ನನ್ನನ್ನು ನೆಲದ ಮೇಲೆ ಕೂರಿಸಿ, ಎದುರಿನ ಕುರ್ಚಿಯಲ್ಲಿ ರೋಗಿಯನ್ನು ಕೂರಿಸಿ, ಆ ಕಾಲನ್ನು ತೆಗೆದು ನನ್ನ ತೊಡೆಯ ಮೇಲಿಟ್ಟರು. ನಮ್ಮಲ್ಲಿ ಕಾಲು ನೋಡುವವನು ಯಾವಾಗಲೂ ನೆಲದ ಮೇಲೆ. ಯೇಸುವಿನ ಬಗ್ಗೆ ರೋಗಿಗಳಿಗೆ ಏನು ಹೇಳಬೇಕು ಎಂದು ಕೇಳಿದ್ದೆ. ಕೇಳಿದರೆ ಹೇಳು, ಕೇಳದಿದ್ದರೆ ಕಾಲು ನೋಡು ಎಂದಿದ್ದರು. ಅವರು ನಿವೃತ್ತರಾಗಿ ಹೋದ ಮೇಲೂ ನಾನು ಅದನ್ನೇ ಪಾಲಿಸಿಕೊಂಡು ಬಂದೆ.

ಸಿರುಮುಗೈ ಕಡೆಯ ನೇಕಾರರೊಬ್ಬರು ನಮ್ಮಲ್ಲಿಗೆ ಬಂದದ್ದು ಬಲಗಾಲಿನ ಹೆಬ್ಬೆರಳ ಬುಡದಲ್ಲಿ ಹುಣ್ಣಾಗಿ. ಅರವತ್ತರ ಹತ್ತಿರದ ವಯಸ್ಸು, ತೆಳ್ಳಗಿನ ಆಳು, ಮಾತು ಕಡಿಮೆ. ಜೊತೆಗೆ ಹೆಂಡತಿ. ಕಾಗದದಲ್ಲಿದ್ದ ಊರು ನೋಡಿ ನಾನು ತಮಿಳಿನಲ್ಲಿ ಮಾತಾಡಿಸಿದೆ. ಗಂಡ ಹೆಂಡತಿ ತಮ್ಮೊಳಗೆ ಪಿಸುಗುಟ್ಟಿದ್ದು ಕನ್ನಡದಲ್ಲಿ. ನಾನೂ ಕನ್ನಡದಲ್ಲೇ ಕೇಳಿದಾಗ ಆಯಮ್ಮ ಬಾಯಿಗೆ ಸೆರಗು ಹಿಡಿದು ನಕ್ಕುಬಿಟ್ಟರು. ನನ್ನದು ಪುಸ್ತಕದ ಕನ್ನಡದ ಹಾಗಿದೆಯಂತೆ. ಅವರಿಗೆ ಕನ್ನಡ ಓದಲು ಬರುವುದಿಲ್ಲ. ತಲೆಮಾರುಗಳಿಂದ ಇಲ್ಲೇ ಇದ್ದಾರೆ, ಕನ್ನಡ ಅಡುಗೆಮನೆಯಲ್ಲಿ ಮತ್ತು ಮಗ್ಗದ ಕೋಣೆಯಲ್ಲಿ ಮಾತ್ರ ಉಳಿದಿದೆ. ಅಂದಿನಿಂದ ನಾನು ಅವರನ್ನು ಯಜಮಾನ್ರೆ ಎಂದೆ, ಅವರು ನನ್ನನ್ನು ತಂಬಿ, ಅಂದರೆ ತಮ್ಮ, ಎಂದರು.

ನಮ್ಮ ವೈದ್ಯೆ ಹುಣ್ಣಿನ ಸುತ್ತಲಿನ ಗಟ್ಟಿ ಚರ್ಮವನ್ನೆಲ್ಲ ಕೆತ್ತಿ ತೆಗೆದು, ಮಂಡಿಯ ಕೆಳಗಿನವರೆಗೆ ಪ್ಲಾಸ್ಟರ್ ಹಾಕಿದರು. ಕಾಲಿನ ಭಾರವೆಲ್ಲ ಹುಣ್ಣಿನ ಮೇಲೆ ಬೀಳದೆ ಇಡೀ ಪಾದಕ್ಕೆ ಹಂಚಿಹೋಗಲಿ ಎಂದು ಹಾಕುವ ಪ್ಲಾಸ್ಟರ್ ಅದು. ಸಡಿಲವಾದರೆ ಉಜ್ಜಿ ಹೊಸ ಹುಣ್ಣಾಗುತ್ತದೆ. ಹಾಗಾಗಿ ಮತ್ತೆ ಮತ್ತೆ ಬಿಚ್ಚಬೇಕು, ಮತ್ತೆ ಹಾಕಬೇಕು. ಅಷ್ಟು ವಾರ ಅವರು ಮಗ್ಗಕ್ಕೆ ಇಳಿಯುವಂತಿಲ್ಲ. ಅವರದು ಗುಂಡಿ ಮಗ್ಗ. ನೆಲದಲ್ಲಿ ತೋಡಿದ ಗುಂಡಿಯೊಳಗೆ ಕಾಲು ಇಳಿಬಿಟ್ಟು ಕೂತು, ಕೆಳಗಿನ ಹಲಗೆಗಳನ್ನು ಒಂದಾದ ಮೇಲೊಂದು ಒತ್ತುತ್ತ ನೇಯಬೇಕು. ಆಯಮ್ಮ ಮಗ್ಗಕ್ಕೆ ಕೂತರು, ಇವರು ಪಕ್ಕದಲ್ಲಿ ಕಾಲು ಚಾಚಿಕೊಂಡು ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತಿದರು. ಒಂದು ದಿನವೂ ಗೊಣಗಲಿಲ್ಲ. ಬಸ್ಸು ಬದಲಿಸಿ ಬದಲಿಸಿ ಕರೆದ ದಿನಕ್ಕೆ ಬಂದರು. ಹುಣ್ಣು ಮುಚ್ಚಿತು.

ಹುಣ್ಣು ಮುಚ್ಚಿದ ಮೇಲೇ ನನ್ನ ಕೆಲಸ ಶುರು. ಹೊಸ ಚರ್ಮ ಎಳೆ ಬಾಳೆಸುಳಿಯಷ್ಟು ನಾಜೂಕು. ಅಂಗಡಿಯ ಹವಾಯಿ ಚಪ್ಪಲಿಯಲ್ಲಿ ನಡೆದರೆ ಮತ್ತೆ ಹರಿಯುತ್ತದೆ. ಮಸಿ ಸವರಿದ ರಬ್ಬರ್ ಹಾಸಿನ ಮೇಲೆ ಕಾಗದವಿಟ್ಟು ಅವರನ್ನು ಒಂದು ಹೆಜ್ಜೆ ನಡೆಸಿದೆ. ಭಾರ ಹೆಚ್ಚು ಬಿದ್ದ ಜಾಗ ಕಪ್ಪಗೆ ಮೂಡುತ್ತದೆ. ಹೆಬ್ಬೆರಳ ಬುಡ ಇದ್ದಿಲಿನಂತಿತ್ತು. ಆ ಗುರುತಿನ ಹಿಂದಕ್ಕೆ ಭಾರ ಹೊರಲು ರಬ್ಬರಿನ ಒಂದು ದಿಂಡು ಕೊಟ್ಟು, ಹುಣ್ಣಿನ ಜಾಗದ ಕೆಳಗೆ ತುಸು ತಗ್ಗು ಮಾಡಿ, ಪಾದ ತಾಗುವ ಪದರಕ್ಕೆ ಸಣ್ಣ ರಂಧ್ರಗಳ ಮೆತ್ತನೆಯ ರಬ್ಬರ್ ಹಾಕಿದೆ. ಕೆಳಗೆ ಗಟ್ಟಿ ರಬ್ಬರಿನ ಅಟ್ಟೆ, ಮುಂಭಾಗದಲ್ಲಿ ದೋಣಿಯ ಮೂತಿಯ ಹಾಗೆ ಸ್ವಲ್ಪ ಮೇಲಕ್ಕೆ. ಹಾಕಿಸಿ, ನಡೆಸಿ, ಬಿಚ್ಚಿಸಿ, ಕೈಯ ಹಿಂಬದಿಯಿಂದ ಪಾದವನ್ನು ಮುಟ್ಟಿ ನೋಡಿದೆ. ಒತ್ತಡ ಬಿದ್ದ ಜಾಗ ಬಿಸಿಯೇರುತ್ತದೆ. ಎಲ್ಲಿಯೂ ಬಿಸಿಯಿರಲಿಲ್ಲ. ಹೆಮ್ಮೆಪಟ್ಟೆ, ಯಾಕೆ ಸುಳ್ಳು ಹೇಳಲಿ.

ಅಷ್ಟರಲ್ಲಿ ನಮಗೆ ಹೊಸ ಆಡಳಿತಾಧಿಕಾರಿ ಬಂದಿದ್ದರು. ತಿರುಪ್ಪೂರಿನಲ್ಲಿ ಬನಿಯನ್ ರಫ್ತಿನ ಕಂಪನಿಯೊಂದನ್ನು ಬಹಳ ವರ್ಷ ನಡೆಸಿದವರು, ಕ್ರೈಸ್ತ ಸಭೆಯಲ್ಲಿ ದೊಡ್ಡ ಹೆಸರು, ಸಂಬಳ ಬೇಡವೆಂದು ಸೇವೆಗೆ ಬಂದವರು. ಕೆಟ್ಟ ಮನುಷ್ಯ ಎಂದು ನಾನು ಹೇಳುವುದಿಲ್ಲ. ಕಕ್ಕಸುಗಳಿಗೆ ಹೊಸ ಬಾಗಿಲು ಹಾಕಿಸಿದರು, ಎಷ್ಟೋ ವರ್ಷಗಳಿಂದ ಯಾರಿಗೂ ತೋಚದ ಕೆಲಸ. ಆದರೆ ಲೇಬಲ್ ಇಲ್ಲದ ಮಾಲು ಮಾಲೇ ಅಲ್ಲ ಎಂಬುದು ಅವರ ರಕ್ತದಲ್ಲಿ ಇಳಿದಿತ್ತು. ನಮ್ಮ ಚಪ್ಪಲಿಗಳನ್ನು ತಿರುಗಿಸಿ ಮುರುಗಿಸಿ ನೋಡಿ, ಇದನ್ನು ಕೊಟ್ಟವರು ಯಾರು ಎಂದು ಹಾಕಿಕೊಂಡವರಿಗೆ ದಿನಾ ಹೇಗೆ ಗೊತ್ತಾಗಬೇಕು ಎಂದು ಕೇಳಿದರು. ನಾವು ಸುವಾರ್ತೆಯನ್ನು ಬಾಯಲ್ಲಿ ಸಾರುವುದಿಲ್ಲ, ಸರಿ. ವಸ್ತುವಾದರೂ ಸಾರಬೇಡವೇ ಎಂದರು. ಒಂದು ವಾರದಲ್ಲಿ ತಿರುಪ್ಪೂರಿನಿಂದ ಬಿಸಿ ಒತ್ತುಯಂತ್ರ ಬಂತು, ಬನಿಯನ್ನಿನ ಕುತ್ತಿಗೆಗೆ ಲೇಬಲ್ ಒತ್ತುವಂಥದು. ಪಾದ ತಾಗುವ ಪದರದಲ್ಲಿ, ಹಿಮ್ಮಡಿ ಕೂರುವ ಜಾಗದಲ್ಲಿ, ಬಿಳಿಯ ಶಿಲುಬೆ. ಅದರ ಕೆಳಗೆ ನಮ್ಮ ಚಿಕಿತ್ಸಾಲಯದ ಹೆಸರು. ದೊಡ್ಡ ಕಂಪನಿಗಳು ಹೆಸರು ಹಾಕುವುದೂ ಅಲ್ಲೇ ಅಲ್ಲವೇ ಎಂದರು.

ನಾನು ಎರಡು ಮಾತು ಹೇಳಿದೆ. ಬಿಸಿ ಒತ್ತಿದರೆ ಆ ರಬ್ಬರಿನ ರಂಧ್ರಗಳು ಕರಗಿ ಕೂಡಿಕೊಳ್ಳುತ್ತವೆ, ಆ ಜಾಗ ಗಟ್ಟಿಯಾಗುತ್ತದೆ ಎಂಬುದು ಒಂದು. ಹುಣ್ಣಾಗುವುದು ಮುಂಗಾಲಿನಲ್ಲಿ ತಾನೇ, ಹಿಮ್ಮಡಿಗೆ ಏನಾಗುತ್ತದೆ ಎಂದು ತಳ್ಳಿಹಾಕಿದರು. ಶಿಲುಬೆಯನ್ನು ಚಪ್ಪಲಿಗೆ ಹಾಕುವುದು ಸರಿಯಲ್ಲ ಎಂಬುದು ಇನ್ನೊಂದು. ನಮ್ಮ ಪ್ರಭು ಅತ್ಯಂತ ಕೆಳಗಿನ ಜಾಗಕ್ಕೆ ಇಳಿದವನು, ಇದೇ ನಿಜವಾದ ವಿನಯ ಎಂದು ನನಗೆ ಒಂದು ಉಪದೇಶ ಸಿಕ್ಕಿತು. ಕಚೇರಿಯಲ್ಲಿದ್ದ ನಾಲ್ಕು ಜನ ತಲೆದೂಗಿದರು. ಯಂತ್ರವನ್ನು ಕಚೇರಿಯ ಪಕ್ಕದ ಕೋಣೆಯಲ್ಲಿಟ್ಟರು. ಮಾಡಿ ಮುಗಿಸಿದ ಜೋಡಿಗಳನ್ನು, ಯಜಮಾನರದನ್ನೂ ಸೇರಿಸಿ, ನನ್ನ ಕೈಯಿಂದ ತೆಗೆದುಕೊಂಡು ಹೋಗಿ ತಾವೇ ಒತ್ತಿಸಿದರು.

ಅದರ ಮೇಲೆ ಒಂದು ಸಮಾರಂಭ ಬೇರೆ. ಶಾಮಿಯಾನ, ಬ್ಯಾನರ್, ದಾನಿಗಳು, ಬಿರಿಯಾನಿ. ಚಪ್ಪಲಿ ಕೊಡುವುದಕ್ಕೆ ಇಷ್ಟೆಲ್ಲ ಎಂದರೆ ಅಲ್ಪನಿಗೆ ಐಶ್ವರ್ಯ ಬಂದಂತೆಯೇ ಸೈ. ರೋಗಿಗಳನ್ನು ಸಾಲಾಗಿ ನಿಲ್ಲಿಸಿ, ಶಿಲುಬೆ ಕಾಣುವ ಹಾಗೆ ಚಪ್ಪಲಿಯನ್ನು ಎದೆಗೆ ಹಿಡಿದುಕೊಳ್ಳಲು ಹೇಳಿ ಫೋಟೊ ತೆಗೆಸಿದರು. ಚಪ್ಪಲಿಯನ್ನು ಎದೆಗೆ! ನೇಕಾರ ಯಜಮಾನರ ಸರದಿ ಬಂದಾಗ ಅವರು ಚಪ್ಪಲಿಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಶಿಲುಬೆಯನ್ನು ನೋಡಿ, ಕಣ್ಣಿಗೊತ್ತಿಕೊಂಡರು. ಜನ ಚಪ್ಪಾಳೆ ತಟ್ಟಿದರು. ದಾನಿಯೊಬ್ಬರ ಕಣ್ಣು ಒದ್ದೆಯಾಯಿತು. ಆಡಳಿತಾಧಿಕಾರಿ ನನ್ನ ಕಡೆ ತಿರುಗಿ, ನೋಡಿದೆಯಾ ಎಂಬಂತೆ ಹುಬ್ಬು ಹಾರಿಸಿದರು. ಆ ಫೋಟೊ ದೊಡ್ಡದಾಗಿ ಕಚೇರಿಯ ಗೋಡೆಗೆ ಏರಿತು.

ಕಾಲಿನ ಮುಂದಿನ ಪರೀಕ್ಷೆಯ ದಿನ ಯಜಮಾನರು ಬಂದದ್ದು ಹವಾಯಿ ಚಪ್ಪಲಿಯಲ್ಲಿ. ಕಾಲನ್ನು ತೊಡೆಯ ಮೇಲಿಟ್ಟುಕೊಂಡಾಗಲೇ ವಾಸನೆ ಬಂತು. ಮುಚ್ಚಿದ್ದ ಹುಣ್ಣು ಬಾಯಿ ತೆರೆದಿತ್ತು. ನಮ್ಮ ಚಪ್ಪಲಿ ಎಲ್ಲಿ ಎಂದೆ. ಮನೆಯಲ್ಲಿ ಜೋಪಾನವಾಗಿದೆ ಎಂದರು. ಜೋಪಾನ ಮಾಡಲು ಕೊಟ್ಟದ್ದಾ ಅದನ್ನು? ನಾನು ಸರಿಯಾಗಿ ಬೈದೆ. ಹೊಸದೆಂದು ಎತ್ತಿಡುವವರು, ಮದುವೆ ಮುಂಜಿಗೆ ಹಾಕಿಕೊಳ್ಳೋಣ ಎನ್ನುವವರು ಬೇಕಾದಷ್ಟು ಮಂದಿ ಬರುತ್ತಾರೆ, ಇವರೂ ಆ ಪೈಕಿ ಎಂದುಕೊಂಡೆ. ತಲೆ ತಗ್ಗಿಸಿ ಕೇಳಿಸಿಕೊಂಡರೇ ಹೊರತು ಒಂದು ಮಾತು ಆಡಲಿಲ್ಲ. ಆಯಮ್ಮ ಏನೋ ಹೇಳಹೋದರು, ಅವರು ಕಣ್ಣಿನಲ್ಲೇ ತಡೆದರು. ವೈದ್ಯೆ ಹುಣ್ಣಿನೊಳಗೆ ಕಡ್ಡಿ ಇಳಿಸಿ ನೋಡಿ, ಮೂಳೆ ಇನ್ನೂ ತಾಗುತ್ತಿಲ್ಲ, ಆದರೆ ದೂರವಿಲ್ಲ ಎಂದರು. ಸೋಂಕು ಮೂಳೆಗೆ ಇಳಿದರೆ ಬೆರಳು ಹೋಗುತ್ತದೆ. ಅಲ್ಲಿಗೂ ನಿಲ್ಲದಿದ್ದರೆ ಮಂಡಿಯ ಕೆಳಗೆ ಕತ್ತರಿಸಬೇಕು. ಒಂಟಿಗಾಲಿನಲ್ಲಿ ಯಾರೂ ಗುಂಡಿ ಮಗ್ಗದಲ್ಲಿ ನೇಯುವುದಿಲ್ಲ.

ಮದ್ದು ಬರೆದು ಕಳಿಸಿದರು. ಚಪ್ಪಲಿ ಹಾಕಿಕೊಳ್ಳದವರ ಮನೆಗೆ ಹೋಗಿ ನೋಡಿ ಬರುವುದು ನಮ್ಮ ಕ್ರಮ. ಕೆಲವೊಮ್ಮೆ ಪಟ್ಟಿ ಬಿಗಿಯಾಗಿರುತ್ತದೆ, ಕೆಲವೊಮ್ಮೆ ಮನೆಯ ನೆಲ ಜಾರುತ್ತದೆ. ಗಾಂಧಿಪುರದಿಂದ ಬಸ್ಸು ಹಿಡಿದು ಹೋದೆ. ಬೀದಿಯ ತುಂಬ ಮಗ್ಗದ ಸದ್ದು. ಅವರ ಮನೆಯ ಜಗುಲಿಯಲ್ಲಿ ಕೂತೆ. ಒಳಗೆ ಬಾ ಎಂದು ಯಾರೂ ಕರೆಯಲಿಲ್ಲ. ಆಯಮ್ಮ ನೀರು ಕೊಟ್ಟು, ನಮ್ಮದು ಯಾವ ಊರು, ಅಪ್ಪ ಏನು ಮಾಡುತ್ತಿದ್ದರು ಎಂದು ಕೇಳಿದರು. ಹೇಳಿದೆ. ಹೌದಾ ಎಂದು ಸುಮ್ಮನಾದರು. ನನಗೆ ಇದೇನೂ ಹೊಸದಲ್ಲ. ಯಜಮಾನರ ಕಾಲಿನ ಬ್ಯಾಂಡೇಜು ಬಿಚ್ಚಿ ನೋಡಿ, ಚಪ್ಪಲಿ ತನ್ನಿ, ಎಲ್ಲಿ ಒತ್ತುತ್ತದೆ ನೋಡೋಣ ಎಂದೆ.

ಆಯಮ್ಮ ಸ್ಟೂಲು ಹತ್ತಿ ಬೀರುವಿನ ಮೇಲಿಂದ ಒಂದು ಗಂಟು ಇಳಿಸಿದರು. ರೇಷ್ಮೆ ಅಂಚಿನ ಬಿಳಿ ಬಟ್ಟೆ, ಒಗೆದು ಮಡಿಸಿದ್ದು. ಬಿಚ್ಚಿದರೆ ನನ್ನ ಚಪ್ಪಲಿಗಳು. ಅಟ್ಟೆಗೆ ಮಣ್ಣಿನ ಒಂದು ಕಣವೂ ತಾಗಿರಲಿಲ್ಲ. ಇದೇನಮ್ಮ ಎಂದೆ.

“ಇನ್ನೆಲ್ಲಿ ಇಕ್ಕಲಿ? ಬಾಕಲಾಚೆ ಬಿಟ್ರೆ ನಾಯಿ ಕಚ್ಕೊಂಡು ಓಗ್ತೈತೆ. ಸಾಮಿ ಗುರುತು ಐತಲ್ಲ ಅದ್ರಾಗೆ. ನಮ್ಮ ಸಾಮಿ ಪಕ್ಕದಾಗೆ ಇಕ್ಕನಾಂದ್ರೆ ಸೆರುಪ್ಪು, ಕಾಲ್ಗೆ ಮೆಟ್ಟೋದು. ಅದ್ಕೇ ಮ್ಯಾಲೆ ಇಕ್ಕಿವ್ನಿ” ಎಂದರು.

ಯಜಮಾನರು ಹೆಂಡತಿಯ ಮೇಲೆ ರೇಗಿದ ಹಾಗೆ ಮಾಡಿ, ಆಮೇಲೆ ನನ್ನ ಕೈ ಹಿಡಿದುಕೊಂಡರು.

“ತಂಬಿ, ಕೋಪಿಚ್ಕೋಬೇಡ. ನೀನು ಎಷ್ಟು ಕಷ್ಟಪಟ್ಟು ಮಾಡಿದ್ದೀಂತ ನಂಗೆ ತಿಳೀತದೆ. ಆದ್ರೆ ಅದು ನಿಮ್ಮ ಸಾಮಿ. ನನ್ನ ಕಾಲು ಉಳೀಲೀಂತ ನಿಮ್ಮ ಸಾಮೀನ ತುಳ್ಕೊಂಡು ತಿರುಗಕ್ಕಾಗ್ತೈತಾ? ಪಾವಂ ಅಲ್ವಾ, ಪಾಪ ತಗಲಲ್ವಾ?”

ಹಾಗಾದರೆ ಅವತ್ತೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಅಷ್ಟು ಜನ ದೊಡ್ಡವರು ಆಸೆಯಿಂದ ಕೊಡುವಾಗ ಬೇಡ ಅಂದರೆ ಅವರ ಮನಸ್ಸು ನೋಯುವುದಿಲ್ಲವೇ ಎಂದರು. ನಾನು ಬೈದ ದಿನವೂ ಬಾಯಿ ಬಿಡದೇ ಇದ್ದದ್ದು ಅದಕ್ಕೇ. ಅವರು ಶಿಲುಬೆಯನ್ನು ಕಣ್ಣಿಗೊತ್ತಿಕೊಂಡ ಆ ಫೋಟೊ ನನ್ನ ಕಣ್ಣ ಮುಂದೆ ಬಂತು. ಇನ್ನು ಇದನ್ನು ಕಾಲಿಗೆ ಹಾಕುವುದಿಲ್ಲ ಎಂದು ಆ ಮನುಷ್ಯ ತೀರ್ಮಾನ ಮಾಡಿದ ಗಳಿಗೆಗೆ ನಾವೆಲ್ಲ ಚಪ್ಪಾಳೆ ತಟ್ಟಿದ್ದೆವು.

ಚೀಲದಲ್ಲಿದ್ದ ಚಾಕುವಿನಿಂದ ಅಲ್ಲೇ ಗುರುತನ್ನು ಕೆರೆದು ತೆಗೆಯಲು ನೋಡಿದೆ. ಬರಲಿಲ್ಲ. ಬಣ್ಣ ಕರಗಿ ರಬ್ಬರಿನೊಳಗೆ ಇಳಿದಿತ್ತು. ಉಜ್ಜಿದಷ್ಟೂ ಮಸುಕಾಯಿತೇ ಹೊರತು ಶಿಲುಬೆ ಶಿಲುಬೆಯಾಗಿಯೇ ಉಳಿಯಿತು. ನಾನು ಚಾಕುವಿನಿಂದ ಅದನ್ನು ಕೆರೆಯುವುದನ್ನು ನೋಡಲಾರದೆ ಯಜಮಾನರು ಮುಖ ಆಚೆ ತಿರುಗಿಸಿದರು. ಜೋಡಿಯನ್ನು ಚೀಲಕ್ಕೆ ಹಾಕಿಕೊಂಡು, ಸದ್ಯಕ್ಕೆ ಕಾಲು ಊರಬೇಡಿ, ನಾಳೆಯೇ ಆಸ್ಪತ್ರೆಗೆ ಬನ್ನಿ ಎಂದು ಹೇಳಿ ಹೊರಟೆ. ಬಸ್ಸಿನಲ್ಲಿ ಇಡೀ ದಾರಿ ಹಲ್ಲು ಕಚ್ಚಿಕೊಂಡು ಕೂತಿದ್ದೆ.

ಕಾರ್ಯಾಗಾರಕ್ಕೆ ಬಂದವನು ಯಾರನ್ನೂ ಕೇಳಲಿಲ್ಲ. ಮುಂದಿನ ಸಮಾರಂಭಕ್ಕೆಂದು ಒತ್ತಿಸಿ ತಂದು ಜೋಡಿಸಿಟ್ಟಿದ್ದ ಚಪ್ಪಲಿಗಳು ಕಪಾಟಿನಲ್ಲಿದ್ದವು. ಒಂದೊಂದನ್ನೇ ಇಳಿಸಿ, ಅಂಚಿಗೆ ಚಾಕು ಕೊಟ್ಟು, ಮೇಲಿನ ಪದರವನ್ನು ಕಿತ್ತುಹಾಕಿದೆ. ಅಂಟು ಚೆನ್ನಾಗಿ ಹಿಡಿದಿತ್ತು, ಹಿಡಿಸಿದವನು ನಾನೇ ತಾನೇ, ಹಾಗಾಗಿ ತೋಳು ಸೋತುಹೋಯಿತು. ಎಲ್ಲ ಮುಗಿಯುವ ಹೊತ್ತಿಗೆ ಶಿಲುಬೆ ಇದ್ದ ಪದರಗಳ ಒಂದು ಗುಡ್ಡೆ. ಅದನ್ನು ಕಸಕ್ಕೆ ಎಸೆಯಲೂ ನನಗೆ ಕೈ ಬರಲಿಲ್ಲ ನೋಡಿ. ನನ್ನ ದೇವರ ಗುರುತು, ನಾನು ತಾನೇ ಏನು ಮಾಡಲಿ ಅದನ್ನು? ಗೋಣಿಚೀಲಕ್ಕೆ ತುಂಬಿ ಕಪಾಟಿನ ಮೇಲಿಟ್ಟೆ. ಆಯಮ್ಮ ಬೀರುವಿನ ಮೇಲೆ ಇಟ್ಟದ್ದೂ ಇದೇ ಸಂಕಟದಲ್ಲಿ ಎಂದು ಆಗ ಅರ್ಥವಾಗಿ ಸಿಟ್ಟು ಇನ್ನೂ ಏರಿತು.

ವೈದ್ಯೆಗೆ ಹೋಗಿ ಎಲ್ಲ ಹೇಳಿದೆ. ಉಳಿದವರನ್ನೂ ನೋಡಿಕೊಂಡು ಬಾ ಎಂದು ಅಷ್ಟೇ ಅಂದರು.

ಸಮಾರಂಭದಲ್ಲಿ ಚಪ್ಪಲಿ ಪಡೆದವರ ಮನೆಗಳಿಗೆಲ್ಲ ಹೋದೆ. ಪೊಳ್ಳಾಚಿಯ ಹತ್ತಿರ ತೆಂಗಿನ ತೋಟದಲ್ಲಿ ಕೆಲಸ ಮಾಡುವ ಹೆಂಗಸೊಬ್ಬರು, ನಮ್ಮವರೇ, ಭಾನುವಾರ ತಪ್ಪದೆ ಚರ್ಚಿಗೆ ಹೋಗುವವರು, ಶಿಲುಬೆಯ ಮೇಲೆ ಗಾಯಕ್ಕೆ ಹಚ್ಚುವ ಅಂಟುಪಟ್ಟಿ ಅಂಟಿಸಿಕೊಂಡಿದ್ದರು. ಪಟ್ಟಿಯ ಅಂಚು ಸುರುಳಿಯಾಗಿ ಹಿಮ್ಮಡಿಯಲ್ಲಿ ಬೊಕ್ಕೆ ಎದ್ದಿತ್ತು. ಪೋತ್ತನೂರಿನಲ್ಲಿ ರೈಲ್ವೆಯಿಂದ ನಿವೃತ್ತರಾದ ಮುಸಲ್ಮಾನ ಹಿರಿಯರೊಬ್ಬರು ಆ ಜಾಗವನ್ನು ಬ್ಲೇಡಿನಿಂದ ದುಂಡಗೆ ಕತ್ತರಿಸಿ ತೆಗೆದಿದ್ದರು, ಆ ತೂತಿನ ಅಂಚು ಪಾದಕ್ಕೆ ಕೊರೆಯುತ್ತಿತ್ತು. ಗಣಪತಿ ಎಂಬ ಬಡಾವಣೆಯಲ್ಲಿ ಒಬ್ಬಾಕೆಯ ಗಂಡ ತನ್ನ ನೀರಿನ ಪಂಪಿನ ವರ್ಕ್‌ಶಾಪಿಗೆ ಚಪ್ಪಲಿ ಒಯ್ದು ಸಾಣೆಯಂತ್ರಕ್ಕೆ ಹಿಡಿದಿದ್ದ. ಶಿಲುಬೆ ಹೋಗಿತ್ತು, ಹಿಮ್ಮಡಿಯ ಮೆತ್ತೆಯೂ ಅದರ ಜೊತೆಗೇ ಹೋಗಿತ್ತು. ಎಲ್ಲರೂ ತಮ್ಮ ತಮ್ಮ ಬುದ್ಧಿಗೆ ತೋಚಿದ್ದು ಮಾಡಿಕೊಂಡಿದ್ದರು. ಒಬ್ಬರಾದರೂ ನಮಗೆ ಹೇಳಿರಲಿಲ್ಲ. ಪುಕ್ಕಟೆ ಕೊಟ್ಟವರ ಎದುರು ಬಾಯಿ ತೆರೆಯುವುದು ಹೇಗೆ? ದಾನ ಕೊಟ್ಟು ಬಾಯಿ ಮುಚ್ಚಿಸುವುದು ಎಷ್ಟು ಸುಲಭ ಎಂದು ನನಗೆ ಅದುವರೆಗೆ ಗೊತ್ತಿರಲಿಲ್ಲ.

ಅಷ್ಟರಲ್ಲಿ, ನಮ್ಮಲ್ಲಿಗೆ ಬಂದು ದಾಖಲಾಗಿದ್ದ ಯಜಮಾನರಿಗೆ ಚಳಿಜ್ವರ ಬಂತು. ನಮ್ಮಲ್ಲಿಂದ ಊರೊಳಗಿನ ದೊಡ್ಡ ಆಸ್ಪತ್ರೆಗೆ ಸಾಗಿಸಿದೆವು. ಸೋಂಕು ಮೂಳೆಗೆ ಇಳಿದಿತ್ತು. ಹೆಬ್ಬೆರಳನ್ನೂ ಅದರ ಹಿಂದಿನ ಮೂಳೆಯ ತುಂಡನ್ನೂ ತೆಗೆದರು. ಇನ್ನು ಮೇಲಕ್ಕೆ ಹೋಗದಿದ್ದರೆ ಪಾದ ಉಳಿಯುತ್ತದೆ, ಹೋದರೆ ಹೇಳಲಾಗುವುದಿಲ್ಲ ಎಂದರು. ಶಸ್ತ್ರಚಿಕಿತ್ಸೆಯ ಕೋಣೆಯ ಹೊರಗೆ ಆಯಮ್ಮ ನೆಲದ ಮೇಲೆ ಕೂತಿದ್ದರು. ಪಕ್ಕದಲ್ಲಿ ನಾನೂ ಕೂತೆ. ಬೆರಳಿಲ್ಲದೆ ಮಗ್ಗದ ಹಲಗೆ ಒತ್ತಲಾಗುತ್ತದಾ ಎಂದು ಕೇಳಿದರು. ಆಗುತ್ತದೆ ಎಂದೆ. ಆಗುತ್ತದೋ ಇಲ್ಲವೋ ನನಗೆ ಗೊತ್ತಿರಲಿಲ್ಲ.

ಮಾರನೆಯ ದಿನ ಆಡಳಿತಾಧಿಕಾರಿ ನನ್ನನ್ನು ಕರೆಸಿದರು. ಕಪಾಟು ಬರಿದಾದದ್ದು ಗೊತ್ತಾಗಿತ್ತು. ನಾನು ಯಜಮಾನರ ಚಪ್ಪಲಿಯನ್ನು ಅವರ ಮೇಜಿನ ಮೇಲಿಟ್ಟೆ. ಮೇಜಿನ ಮೇಲೆ ಚಪ್ಪಲಿ ಇಡುತ್ತೀಯಾ ಎಂದು ಹೌಹಾರಿದರು. ಬೆರಳು ಹೋದ ಸಂಗತಿ ಹೇಳಿದೆ. ಅವರ ಮುಖ ಬಾಡಿದ್ದು ನಿಜ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಬಾಯಿಂದ ಬಂದದ್ದು, ಆ ನೇಕಾರರು ಮೊದಲೇ ಹೇಳಬೇಕಾಗಿತ್ತು ಎಂದು. ಅಜ್ಞಾನದಿಂದ ಹೀಗಾಯಿತು, ಮುಂದಿನ ಸಲ ಕೊಡುವಾಗ ಇದು ದೇವರಲ್ಲ, ಬರೀ ಗುರುತು ಎಂದು ತಿಳಿಸಿ ಹೇಳೋಣ ಎಂದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಇನ್ನು ಒತ್ತಲು ಜೋಡಿ ಕೊಡುವುದಿಲ್ಲ ಎಂದೆ. ಆಗ ಅವರಿಗೂ ಸಿಟ್ಟು ಬಂತು. ಕೆಲಸ ಚೆನ್ನಾಗಿ ಮಾಡುತ್ತೀ, ಆದರೆ ನಿನ್ನಲ್ಲಿ ವಿನಯವಿಲ್ಲ, ಕ್ರೈಸ್ತನಿಗೆ ಮೊದಲು ಬೇಕಾದದ್ದು ಅದು ಎಂದರು.

ವಿನಯ! ಬಸ್ ನಿಲ್ದಾಣದ ಹೊರಗೆ ತಲೆ ಎತ್ತದೆ ಮೂವತ್ತು ವರ್ಷ ಕೂತವರ ಮಗನಿಗೆ, ದಿನಾ ಹತ್ತಾರು ಕಾಲುಗಳನ್ನು ತೊಡೆಯ ಮೇಲಿಟ್ಟುಕೊಳ್ಳುವವನಿಗೆ, ಕುರ್ಚಿಯಲ್ಲಿ ಕೂತು ವಿನಯದ ಪಾಠ. ನನ್ನ ದನಿ ನನಗೇ ಅಪರಿಚಿತವಾಗಿ ಕೇಳಿತು.

“ಸರ್, ಶಿಲುಬೆ ನಮ್ಮ ಹೆಗಲ ಮೇಲೆ ಇರಬೇಕಾದದ್ದು. ಹೊರಲಾರದೆ ಅದನ್ನು ಆ ಬಡವರ ಹಿಮ್ಮಡಿಯ ಕೆಳಗೆ ತಳ್ಳಿದ್ದೀರಿ. ಅದನ್ನು ತುಳಿಯುವುದಿಲ್ಲ ಎಂದು ಬೆರಳು ಕಳೆದುಕೊಂಡವರು ಅವರು. ಅಜ್ಞಾನ ಅವರದ್ದಾ?”

ಹೋಗು ಎಂದು ಕೈ ಮಾಡಿದರು. ಅವತ್ತು ಸಂಜೆಯೊಳಗೆ ನನ್ನನ್ನು ಕೆಲಸದಿಂದ ತೆಗೆಯುತ್ತಾರೆ ಎಂಬ ಸುದ್ದಿ ಅಡುಗೆಮನೆಯವರೆಗೂ ಹಬ್ಬಿತು. ತೆಗೆಯಲಿಲ್ಲ. ವೈದ್ಯೆ ಒಳಗೆ ಹೋಗಿ ಏನು ಮಾತಾಡಿದರೋ ನನಗೆ ಗೊತ್ತಿಲ್ಲ. ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಚಪ್ಪಲಿಗೆ ಒತ್ತುವುದು ನಿಂತಿತು. ಯಂತ್ರ ಸುಮ್ಮನಿರಬಾರದಲ್ಲ, ಈಗ ಅದರಲ್ಲಿ ರೋಗಿಗಳಿಗೆ ಹಂಚುವ ಟವೆಲ್‌ಗಳಿಗೆ ಶಿಲುಬೆ ಒತ್ತುತ್ತಿದ್ದಾರೆ. ಮೈ ಒರೆಸಿಕೊಳ್ಳುವ ಟವೆಲ್! ಅದರಿಂದ ಯಾರ ಕಾಲೂ ಹೋಗುವುದಿಲ್ಲವೆಂದು ನಾನು ಬಾಯಿ ಮುಚ್ಚಿಕೊಂಡಿದ್ದೇನೆ. ಗೋಡೆಯ ಮೇಲಿನ ಆ ಫೋಟೊವನ್ನು ಮಾತ್ರ ನಾನೇ ಇಳಿಸಿದೆ. ಯಾರೂ ಕೇಳಲಿಲ್ಲ.

ಆಡಳಿತಾಧಿಕಾರಿಯನ್ನು ಕ್ಷಮಿಸಿದೆಯಾ ಎಂದು ಒಮ್ಮೆ ನಮ್ಮ ಪಾದ್ರಿಗಳು ಕೇಳಿದರು. ಇಲ್ಲ ಎಂದೆ. ಕ್ಷಮಿಸಬೇಕು ಎಂದು ಗೊತ್ತು, ಪ್ರಾರ್ಥನೆಗೆ ಮಂಡಿಯೂರಿದಾಗಲೆಲ್ಲ ಗೊತ್ತಾಗುತ್ತದೆ. ಆಗುತ್ತಿಲ್ಲ. ಸುಳ್ಳು ಕ್ಷಮೆಯ ಲೇಬಲ್ಲನ್ನು ನನ್ನ ಮೇಲೆ ನಾನೇ ಒತ್ತಿಕೊಳ್ಳಲಾರೆ.

ಸೋಂಕು ಮೇಲಕ್ಕೆ ಹೋಗಲಿಲ್ಲ. ಗಾಯ ಮಾಯಲು ಬಹಳ ಕಾಲ ಹಿಡಿಯಿತು. ಮತ್ತೆ ಮಸಿ ಹಾಸಿನ ಮೇಲೆ ನಡೆಸಿದಾಗ ಭಾರವೆಲ್ಲ ಎರಡನೆಯ ಬೆರಳ ಬುಡಕ್ಕೆ ಸರಿದಿತ್ತು. ಹೆಬ್ಬೆರಳ ಜಾಗಕ್ಕೆ ರಬ್ಬರಿನ ತುಂಡು ಕೂರಿಸಿ, ದಿಂಡಿನ ಜಾಗ ಬದಲಿಸಿ ಹೊಸ ಜೋಡಿ ಮಾಡಿದೆ. ನಾನೇ ಮನೆಗೆ ಒಯ್ದೆ. ಯಜಮಾನರು ಜಗುಲಿಯಲ್ಲಿ ಕೂತು ಮೊದಲು ಒಳಗೆ ನೋಡಿದರು, ಆಮೇಲೆ ತಿರುಗಿಸಿ ಅಡಿ ನೋಡಿದರು. ಏನೂ ಇರಲಿಲ್ಲ. ಹಾಕಿಕೊಂಡು ಬೀದಿಯ ಕೊನೆಯವರೆಗೆ ಹೋಗಿ ಬಂದರು.

ಆದರೆ ಮಗ್ಗಕ್ಕೆ ಚಪ್ಪಲಿ ಹಾಕಿಕೊಂಡು ಇಳಿಯುವಂತಿಲ್ಲ. ಅದು ಅವರಿಗೆ ಗುಡಿಯಿದ್ದ ಹಾಗೆ. ದಿನದ ಹೆಚ್ಚು ಹೊತ್ತು ಅವರು ಕಾಲಿಡಬೇಕಾದದ್ದೇ ಅಲ್ಲಿ, ಬರಿಗಾಲಿನಲ್ಲಿ, ಗಟ್ಟಿ ಮರದ ಹಲಗೆಯ ಮೇಲೆ. ಕಾಲಿಗೆ ಮೆತ್ತೆ ಕಟ್ಟಲಾಗದಿದ್ದರೆ ಹಲಗೆಗೇ ಕಟ್ಟಿದರೆ ಹೇಗೆ ಎಂದು ಕೇಳಿದೆ. ಚಪ್ಪಲಿಯ ರಬ್ಬರನ್ನೇ, ಆದರೆ ಯಾರೂ ಮೆಟ್ಟದ ಹೊಸ ತುಂಡು. ಅವರು ಯೋಚಿಸಿದರು. ಆಯಮ್ಮನ ಕಡೆ ನೋಡಿದರು. ಅಳತೆ ತೆಗೆದುಕೊಟ್ಟರೆ ನಾನು ಇಲ್ಲೇ ಜಗುಲಿಯಲ್ಲಿ ಕತ್ತರಿಸಿಕೊಡುತ್ತೇನೆ ಎಂದು ನಾನೇ ಹೇಳಿದೆ.

“ನೀನು ನೋಡ್ದೆ ಹೆಂಗಾಗ್ತೈತೆ? ಒಳಗೆ ಬಾ ತಂಬಿ. ಇಳಿದು ನೋಡು” ಎಂದರು ಯಜಮಾನರು.

ಆಯಮ್ಮ ಒಂದು ಕ್ಷಣ ನಿಂತಲ್ಲೇ ನಿಂತರು. ಆಮೇಲೆ ಬಚ್ಚಲಿನಿಂದ ಒಂದು ಚೊಂಬು ನೀರು ತಂದು ಹೊಸ್ತಿಲಿನ ಬಳಿ ಇಟ್ಟರು. ಕೈಕಾಲು ತೊಳೆದುಕೊಂಡೆ. ಆಯಮ್ಮನೇ ಮುಂದೆ ಹೋಗಿ, ನನ್ನ ತಲೆಗೆ ತಾಗದ ಹಾಗೆ ಮಗ್ಗಕ್ಕೆ ಬಿಗಿದಿದ್ದ ಹಾಸಿನ ನೂಲನ್ನು ಎತ್ತಿ ಹಿಡಿದರು.

ಗುಂಡಿಯೊಳಗೆ ತಣ್ಣಗಿತ್ತು. ಮಂಡಿಯೂರಿ ಕೂತರೆ ಹಲಗೆಗಳು ಸರಿಯಾಗಿ ಎದೆಯ ಎದುರಿಗೆ. ಬಲಗಡೆಯ ಹಲಗೆ ಅವರ ಹೆಜ್ಜೆಗೆ ಸವೆದು ತಗ್ಗಾಗಿತ್ತು. ಎರಡು ಪದರ ಕತ್ತರಿಸಿ ಅಂಟಿಸಿ, ಒಣಗಲು ಬಿಟ್ಟು, ಯಜಮಾನರನ್ನು ಮೇಲೆ ಕೂತು ಕಾಲು ಇಳಿಬಿಡಲು ಹೇಳಿದೆ. ಎಲ್ಲಿ ಒತ್ತುತ್ತದೆ ಎಂದು ಅವರನ್ನು ಕೇಳಿ ಪ್ರಯೋಜನವಿಲ್ಲ. ನನ್ನ ಅಂಗೈಯನ್ನು ರಬ್ಬರಿನ ಮೇಲೆ ಹರಡಿ ಇಟ್ಟು, ಒತ್ತಿ ಎಂದೆ. ಸಂಕೋಚದಿಂದ ಮೆಲ್ಲಗೆ ಇಟ್ಟರು. ಹಾಗಲ್ಲ, ಸೀರೆ ನೇಯುವಾಗ ಒತ್ತುವ ಹಾಗೆ ಒತ್ತಿ ಎಂದೆ. ಒತ್ತಿದರು. ಎರಡನೆಯ ಬೆರಳ ಬುಡದ ಮೂಳೆ ನನ್ನ ಅಂಗೈಯ ನಡುವೆ ಕಲ್ಲಿನಂತೆ ಇಳಿಯಿತು.

“ನೋಯ್ತಾ ತಂಬಿ?”

“ನೋಯ್ತು.”

“ನಂಗೇನೂ ತಿಳೀಲಿಲ್ಲ.”

“ಗೊತ್ತು ಯಜಮಾನ್ರೆ. ಕಾಲು ಎತ್ತಿ, ಇನ್ನೊಂದು ಪದರ ಬೇಕು” ಎಂದೆ.